ಮೂವತ್ತು ಎಣಿಸುವ ವಿದ್ಯೆ

ಸಂಶೋಧನಾ ನೀತಿ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಕಳೆದ ತಿಂಗಳು ತಮ್ಮ ಕಚೇರಿಯಿಂದ ಬಂದ ವರದಿಯ ನಾಲ್ಕನೆಯ ಪುಟದಲ್ಲಿ, ಇಪ್ಪತ್ತೆರಡನೆಯ ಕ್ರಮಸಂಖ್ಯೆಯ ಮುಂದೆ, ‘ಸ್ವಇಚ್ಛೆಯಿಂದ ಅಧ್ಯಯನದಿಂದ ಹಿಂದೆ ಸರಿದವರು’ ಎಂದು ಬರೆದಿದೆ. ಮಾನ್ಯರೇ, ಅವರು ಹಿಂದೆ ಸರಿದವರಲ್ಲ, ಸತ್ತವರು. ನಮ್ಮ ಪ್ರಯೋಗಾಲಯದ ಟ್ರೆಡ್‌ಮಿಲ್ ಮೇಲೆ, ಬೆಳಗಿನ ಹತ್ತೂವರೆಗೆ, ನನ್ನ ಕಣ್ಣೆದುರಿಗೇ ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡವರು. ಹಿಂದೆ ಸರಿಯಲು ಅವರು ಬಯಸಿದ್ದು ಮಾತ್ರ ನಿಜ. ಬಿಡದೇ ಇದ್ದವಳು ನಾನು. ಆ ಸಾಲನ್ನು ತಿದ್ದಿ ಎಂದು ಎರಡು ಸಲ ಅರ್ಜಿ ಕೊಟ್ಟೆ. ಎರಡಕ್ಕೂ ಅಕ್ಷರ ಆಚೀಚೆಯಾಗದ ಒಂದೇ ಉತ್ತರ ಬಂದದ್ದರಿಂದ, ಈಗ ನಾಲ್ಕು ಜನರಿಗೆ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಮಗೆ ಗೊತ್ತಿರುವುದನ್ನೇ ಓದುಗರಿಗಾಗಿ ಮತ್ತೆ ಹೇಳುತ್ತೇನೆ. ನಾನು ವ್ಯಾಯಾಮ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ನಾಲ್ಕು ವರ್ಷದಿಂದ ಡಾಕ್ಟರೇಟಿಗೆ ದುಡಿಯುತ್ತಿರುವವಳು. ಅರವತ್ತು ದಾಟಿದವರ ಹೃದಯ, ಶ್ವಾಸಕೋಶಗಳು ಎಷ್ಟರ ಮಟ್ಟಿಗೆ ದುಡಿಯಬಲ್ಲವು ಎಂಬುದು ನನ್ನ ವಿಷಯ. ಎದೆಗೆ ವೈರು ಅಂಟಿಸಿ, ಮೂಗುಬಾಯಿ ಮುಚ್ಚುವ ಮಾಸ್ಕ್ ಕಟ್ಟಿ, ಅವರನ್ನು ಟ್ರೆಡ್‌ಮಿಲ್ ಹತ್ತಿಸುತ್ತೇವೆ. ಎರಡೆರಡು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತೇವೆ. ಅವರು ಎಳೆದುಕೊಳ್ಳುವ ಆಮ್ಲಜನಕದ ಗ್ರಾಫ್ ಪರದೆಯ ಮೇಲೆ ಏರುತ್ತಾ ಹೋಗಿ, ದೇಹದ ಮಿತಿ ಮುಟ್ಟಿದಾಗ ತುದಿಯಲ್ಲಿ ಸಮವಾಗುತ್ತದೆ. ಮಾಸ್ಕ್ ಇರುವುದರಿಂದ ಮಾತಾಡಲಾಗದು. ಸಾಕೆನಿಸಿದಾಗ ಕೈ ಎತ್ತಬೇಕು. ಕೈ ಎತ್ತಿದ ಕೂಡಲೇ ಯಂತ್ರ ನಿಲ್ಲಿಸಬೇಕು ಎಂದು ತಾವು ಮುದ್ರೆಯೊತ್ತಿ ಒಪ್ಪಿಗೆ ಕೊಟ್ಟ ಕಾಗದದಲ್ಲಿದೆ.

ಮುದ್ರೆ ಬೀಳದ ಪಾಠವೊಂದು ಕಾಗದದ ಹೊರಗಿದೆ. ನಾನು ಸೇರಿದ ಎರಡನೆಯ ವಾರ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ವಿದ್ಯಾರ್ಥಿನಿ ನನ್ನನ್ನು ಯಂತ್ರದ ಪಕ್ಕ ನಿಲ್ಲಿಸಿಕೊಂಡು ಹೇಳಿದಳು: “ಕೈ ಎತ್ತಿದ ತಕ್ಷಣ ನಿಲ್ಲಿಸಿಬಿಡ್ಬೇಡ ಕಣೇ. ಮನಸ್ಸಲ್ಲೇ ಮೂವತ್ತು ಎಣಿಸು. ಎಣಿಸ್ತಾ ಎಣಿಸ್ತಾ ಕೂಗ್ತಾ ಇರು, ಆಗುತ್ತೆ, ಇನ್ನೊಂಚೂರು, ಆಗುತ್ತೆ ಅಂತ. ಆ ಕೊನೇ ಮೂವತ್ತು ಸೆಕೆಂಡು ಇಲ್ದಿದ್ರೆ ಗ್ರಾಫ್ ತುದೀಲಿ ಸಮ ಆಗಲ್ಲ. ಸಾರ್ ಆ ಹಾಳೆ ಬಿಸಾಕ್ತಾರೆ, ನೀನು ಇನ್ನೊಬ್ರನ್ನ ಹುಡುಕ್ಕೊಂಡು ಅಲೀಬೇಕು.”

ಅಕ್ಕನಿಗೆ ಹೇಳಿಕೊಟ್ಟವರು ಅವಳಿಗಿಂತ ಹಿರಿಯರು, ಅವರಿಗೆ ಇನ್ನೂ ಹಿರಿಯರು. ನಮ್ಮ ಮಾರ್ಗದರ್ಶಕರಂತೂ ಮೂವತ್ತು ಎಂಬ ಸಂಖ್ಯೆಯನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಗ್ರಾಫಿನ ತುದಿ ನೋಡಿ “ಚೆನ್ನಾಗಿ ಓಡಿಸಿದ್ದೀಯ” ಎನ್ನುತ್ತಿದ್ದರು, ಅಷ್ಟೇ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡರು ಎಂಬ ಗಾದೆಯುಂಟಲ್ಲ, ಆ ದಡ್ಡರು ತಮ್ಮ ಕತ್ತನ್ನಾದರೂ ಒಡ್ಡಿದ್ದರು. ನಾವು ಓದಿದವರು, ಬೇರೆಯವರ ಕತ್ತನ್ನು ಒಡ್ಡಿದೆವು.

ಇಪ್ಪತ್ತೆರಡು ಎಂದರೆ ನಿವೃತ್ತ ಪೋಸ್ಟ್‌ಮನ್. ಮೂವತ್ತೈದು ವರ್ಷ ಮೆಟ್ಟಿಲು ಹತ್ತಿಳಿದು ಕಾಗದ ಹಂಚಿದ ಕಾಲುಗಳವು. ನಮ್ಮ ಪ್ರಕಟಣೆ ನೋಡಿ ತಾವಾಗಿಯೇ ಬಂದಿದ್ದರು. ಚಪ್ಪಲಿಗಳನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು, ನಾವು ಕೊಟ್ಟ ಬೂಟು ಹಾಕಿಕೊಂಡು, ಯಂತ್ರವನ್ನು ಒಮ್ಮೆ ಸುತ್ತಿ ನೋಡಿದರು. “ಏನ್ ಡಾಕ್ಟ್ರಮ್ಮ, ಇಷ್ಟು ಓಡಿದ್ರೂ ಒಂದು ಮನೇನೂ ಸಿಗಲ್ವಾ ಇದ್ರಲ್ಲಿ?” ಎಂದು ನಕ್ಕರು. ನಾನಿನ್ನೂ ಡಾಕ್ಟರ್ ಆಗಿಲ್ಲ ಎಂದೆ. “ನಾನು ಓಡೋ ಚೆಂದಕ್ಕೆ ಇವತ್ತೇ ಆಗ್ಬಿಡ್ತೀರ ಬಿಡಿ” ಎಂದರು.

ಹನ್ನೊಂದನೆಯ ನಿಮಿಷಕ್ಕೆ ಅವರು ಬಲಗೈ ಎತ್ತಿದರು. ಹಸ್ತ ಪೂರ್ತಿ ಬಿಚ್ಚಿತ್ತು, ಅನುಮಾನಕ್ಕೆ ಜಾಗವೇ ಇರಲಿಲ್ಲ. ನನ್ನ ಬೆರಳು ಕೆಂಪು ಗುಂಡಿಯ ಮೇಲಿತ್ತು, ಕಣ್ಣು ಪರದೆಯ ಮೇಲಿತ್ತು. ಒಂದು, ಎರಡು, ಮೂರು. ಆಗುತ್ತೆ ಸಾರ್, ಇನ್ನೊಂಚೂರು, ಆಗುತ್ತೆ. ಹನ್ನೆರಡಕ್ಕೆ ಅವರು ಕುತ್ತಿಗೆ ತಿರುಗಿಸಿ ನನ್ನತ್ತ ನೋಡಿದರು. ಎತ್ತಿದ ಕೈ ಇಳಿಸಿರಲಿಲ್ಲ. ಗ್ರಾಫ್ ಸಮವಾಗತೊಡಗಿತ್ತು, ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಹತ್ತೊಂಬತ್ತಕ್ಕೆ ಅವರು ಬಿದ್ದರು.

ಆಮೇಲಿನದೆಲ್ಲ ತಮ್ಮ ವರದಿಯಲ್ಲಿ ಬಹಳ ಅಚ್ಚುಕಟ್ಟಾಗಿದೆ. ಪಕ್ಕದಲ್ಲೇ ಇರಬೇಕಾದ ವೈದ್ಯರು ಹತ್ತು ಜನರ ಹಾಳೆಗೆ ಬೆಳಗ್ಗೆಯೇ ಸಹಿ ಹಾಕಿ ಸಭೆಗೆ ಹೋಗಿದ್ದರೆಂಬುದು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಎಣಿಕೆಯ ಬಗ್ಗೆ ತಾವು ಕೊಟ್ಟ ಉತ್ತರವನ್ನಂತೂ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು: ‘ಅನುಮೋದಿತ ವಿಧಾನದಲ್ಲಿ ಅಂತಹ ಎಣಿಕೆಯ ಉಲ್ಲೇಖವಿರುವುದಿಲ್ಲವಾದ್ದರಿಂದ, ಅಂತಹ ಎಣಿಕೆ ನಡೆದಿರುವುದಿಲ್ಲ.’ ಎಂಥ ತರ್ಕ! ಕಾಗದದಲ್ಲಿಲ್ಲದ್ದು ಲೋಕದಲ್ಲೇ ಇಲ್ಲವೆಂದಾದರೆ, ಎಣಿಸಿದ ನಾನು ಯಾರು? ‘ಹಿಂದೆ ಸರಿದವರು’ ಎಂಬ ಸಾಲಿರುವ ನನ್ನ ಪ್ರಬಂಧಕ್ಕೆ ಸಹಿ ಹಾಕಿದರೆ ಮುಂದಿನ ತಿಂಗಳೇ ಮೌಖಿಕ ಪರೀಕ್ಷೆ ಎಂದು ಬೇರೆ ತಿಳಿಸಿದ್ದೀರಿ. ಅವರು ತಮಾಷೆಗೆ ಕರೆದ ಹೆಸರನ್ನು ತಾವು ನಿಜ ಮಾಡಿಕೊಡುತ್ತೀರಿ, ಅವರು ಸತ್ತಿಲ್ಲವೆಂದು ನಾನೊಂದು ಸಹಿ ಹಾಕಿದರೆ ಸಾಕು.

ಹದಿನೈದು ದಿನದ ಮೇಲೆ ಅವರ ಹೆಂಡತಿ ಚಪ್ಪಲಿ ಕೇಳಿಕೊಂಡು ಬಂದರು. ಬೆಂಚಿನ ಕೆಳಗೆ ಅವು ಜೋಡಿಸಿಟ್ಟಂತೆಯೇ ಇದ್ದವು, ಗುಡಿಸುವವರೂ ಮುಟ್ಟಿರಲಿಲ್ಲ. ಅವನ್ನು ಚೀಲಕ್ಕೆ ಹಾಕಿಕೊಂಡು, ಹೋಗದೆ ನಿಂತರು.

“ಒಂದೇ ಮಾತು ಕೇಳ್ತೀನಿ ಮಗಳೇ. ಕೈಲಾಗಲ್ಲ ಅಂತ ಅವ್ರೇನಾದ್ರೂ ಹೇಳಿದ್ರಾ? ಅವ್ರು ಹಟಮಾರಿ, ಬಾಯಿ ಬಿಡೋರಲ್ಲ. ಹೇಳ್ಲಿಲ್ಲ ಅಲ್ವಾ?”

“ಇಲ್ಲಮ್ಮ” ಎಂದೆ.

“ನಂಗೊತ್ತಿತ್ತು” ಎಂದು ಅವರು ನನ್ನ ಕೈ ಹಿಡಿದು ಒತ್ತಿ ಹೋದರು. ಅಂದಿನಿಂದ ಗಂಡನ ಹಟವನ್ನೇ ಬೈದುಕೊಂಡು ಬದುಕುತ್ತಿದ್ದಾರೆಂದು ಕೇಳಿದ್ದೇನೆ.

ನಾನು ಎಣಿಸುವುದು ನಿಂತಿಲ್ಲ. ಲಿಫ್ಟಿನ ಬಾಗಿಲು ತೆರೆಯುವವರೆಗೆ, ಬಕೆಟ್ಟು ತುಂಬುವವರೆಗೆ, ರಸ್ತೆ ದಾಟಲು ನಿಂತಾಗ, ತಾನಾಗಿಯೇ ಶುರುವಾಗುತ್ತದೆ. ಹನ್ನೆರಡಕ್ಕೆ ಯಾರೋ ಕುತ್ತಿಗೆ ತಿರುಗಿಸಿ ನೋಡುತ್ತಾರೆ. ಹತ್ತೊಂಬತ್ತಾದ ಮೇಲೆ ಇಪ್ಪತ್ತು ಬರುವುದಿಲ್ಲ, ಮತ್ತೆ ಒಂದು. ಇದನ್ನು ತಮ್ಮ ಆಪ್ತಸಲಹೆಗಾರರು ಒತ್ತಡ ಎಂದು ಕರೆದು ದೀರ್ಘ ಉಸಿರಾಟ ಹೇಳಿಕೊಟ್ಟಿದ್ದಾರೆ. ಅದಕ್ಕೂ ಎಣಿಸಬೇಕಂತೆ.

ನನ್ನ ಭ್ರಮೆಯಾಗಿದ್ದರೆ ನಾನೇ ಸಹಿಸಿಕೊಳ್ಳುತ್ತಿದ್ದೆ. ಆದರೆ ಹೋದ ಸೋಮವಾರ ನನ್ನ ಕೋಣೆಯ ಗೋಡೆಯಾಚೆಯಿಂದ ಕೇಳಿದ್ದು ಭ್ರಮೆಯಲ್ಲ. ಟ್ರೆಡ್‌ಮಿಲ್ಲಿನ ಗರಗರ ಸದ್ದು, ಅದರ ಮೇಲೆ ಈ ವರ್ಷ ಸೇರಿದ ಹುಡುಗಿಯ ಎಳೆಯ ದನಿ: “ಆಗುತ್ತೆ ಸಾರ್, ಇನ್ನೊಂಚೂರು, ಆಗುತ್ತೆ.” ಓಡಿಹೋಗಿ ಗುಂಡಿ ಒತ್ತಿದೆ. ಯಂತ್ರದ ಮೇಲಿದ್ದವರು ಕೈ ಎತ್ತಿಕೊಂಡೇ ಇದ್ದರು. ಅವಳು ಕಣ್ಣು ಕಣ್ಣು ಬಿಟ್ಟು, “ಯಾಕಕ್ಕ? ಇಪ್ಪತ್ನಾಲ್ಕೇ ಆಗಿದ್ದು. ನೀವೇ ಅಲ್ವಾ ಹೇಳ್ಕೊಟ್ಟಿದ್ದು?” ಎಂದಳು. ನಾನೇ. ಅವಳು ಸೇರಿದ ಎರಡನೆಯ ವಾರ, ಪಕ್ಕದಲ್ಲಿ ನಿಲ್ಲಿಸಿಕೊಂಡು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಪ್ರಯೋಗಾಲಯಕ್ಕೆ ಇವತ್ತೇ ಬೀಗ ಹಾಕಿಸಿ. ಮೂವತ್ತು ಎಣಿಸುವವರನ್ನೆಲ್ಲ, ನನ್ನಿಂದ ಮೊದಲುಮಾಡಿ, ಒಬ್ಬೊಬ್ಬರನ್ನಾಗಿ ಕರೆದು ಕೇಳಿ. ಇಪ್ಪತ್ತೆರಡರ ಮುಂದೆ ‘ಮರಣ’ ಎಂದು ಬರೆಯಿರಿ, ಕಾರಣದ ಜಾಗದಲ್ಲಿ ನಮ್ಮ ಎಣಿಕೆಯನ್ನು ಬರೆಯಿರಿ. ಅಲ್ಲಿಯವರೆಗೆ ನಾನು ಸಹಿ ಹಾಕುವುದಿಲ್ಲ. ಹಾಕದಿದ್ದರೆ ಪದವಿ ಇಲ್ಲ ಎಂಬುದು ಗೊತ್ತು.

ತಾವು ಉತ್ತರಿಸುತ್ತೀರೆಂಬ ಭರವಸೆ ನನಗಿಲ್ಲ. ಆದರೆ ಆ ಮನೆಯಲ್ಲಿ ದಿನವೂ ಪತ್ರಿಕೆ ಓದುತ್ತಾರೆ. ಅಮ್ಮಾ, ನಾನು ಅವತ್ತು ಸುಳ್ಳು ಹೇಳಿದೆ. ಅವರು ಹಟ ಮಾಡಲಿಲ್ಲ. ಕೈ ಎತ್ತಿ, ನನ್ನ ಮುಖ ನೋಡಿ, ಸಾಕು ಅಂದಿದ್ದರು.

ಇಂತಿ,
ಹತ್ತೊಂಬತ್ತರವರೆಗೆ ಎಣಿಸಿದವಳು