ಕುಂಡದೊಳಗಿನ ಕಲ್ಲು

ತಾ. ೧೬ ಡಿಸೆಂಬರ್, ಮಂಗಳವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ. ಹದಿನೈದು ದಿನ ಮನೆಗೆ ಬೀಗ ಹಾಕಿ ಮೊಮ್ಮಗಳ ಮನೆಗೆ ಹೋಗಿದ್ದೆ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ಕನ್ನಡಕ ಬೇರೆ ಕಾಲು ಮುರಿದುಕೊಂಡು ಕೂತಿದೆ. ಸಾಲು ಓರೆಯಾಗಿದ್ದರೆ ನೀನೂ ತಲೆ ಓರೆ ಮಾಡಿಕೊಂಡು ಓದು.

ಮೊಣಕಾಲು ನೋವು ಹಾಗೇ ಇದೆ. ಕೆಳಗಿನ ಮನೆಯ ದರ್ಜಿ ಹೊಸ ಮಿಷನ್ ತಂದಿದ್ದಾನೆ, ಅದು ಓಡಿದರೆ ನನ್ನ ಪಾತ್ರೆಗಳೆಲ್ಲ ಕುಣಿಯುತ್ತವೆ.

ಹೋದ ತಿಂಗಳು ನಿನ್ನ ಸೊಸೆ ಬಂದಿದ್ದಳು. ಒಳ್ಳೆಯವಳು, ಹೊಟ್ಟೆಯಲ್ಲೊಂದು ಬಾಯಲ್ಲೊಂದು ಇಲ್ಲ. ಆ ಗುಣ ನಿನ್ನ ಮನೆಗೆ ಹೊರಗಿನಿಂದಲೇ ಬರಬೇಕಿತ್ತು. ಬಾಲ್ಕನಿಯ ಕುಂಡ, ಅದಕ್ಕೆ ಚುಚ್ಚಿದ್ದ ಒಣಕಡ್ಡಿ ನೋಡಿ, "ಇದೇನು ದೊಡ್ಡತ್ತೆ, ಬರೀ ಮಣ್ಣಿಗೆ ಚಪ್ಪರ ಹಾಕಿದ್ದೀರಿ?" ಎಂದಳು.

"ಬರೀ ಮಣ್ಣಲ್ಲ ಕಣೇ, ಒಳಗೆ ಗಡ್ಡೆ ಮಲಗಿದೆ. ನಸ್ಟರ್ಷಿಯಂ ಅಂತ ಹೂಬಳ್ಳಿ, ಗಡ್ಡೆಯಿಂದ ಏಳೋ ಜಾತಿ. ಬೇಸಿಗೆಗೆ ಒಣಗಿ ಮಾಯವಾಗುತ್ತೆ, ಚಳಿ ಬಿದ್ದರೆ ದಾರದಂಥ ಚಿಗುರು ಬಿಡುತ್ತೆ. ಹೋದ ವರ್ಷ ಏಳಲೇ ಇಲ್ಲ. ಕೆಲವು ವರ್ಷ ಹಾಗೇ ನಿದ್ದೆ ಹೋಗುತ್ತಂತೆ, ನಿಮ್ಮತ್ತೆಯೇ ಹೇಳಿದ್ದು."

"ಅಯ್ಯೋ, ಅತ್ತೆ ಬೆಳೆಸಿದ್ದೂ ಅದೇ!" ಎಂದು ಫೋನು ತೆಗೆದಳು. ಹೋದ ವರ್ಷದ ಫೋಟೊ. ನಿನ್ನ ಅಡುಗೆಮನೆಯ ಕಿಟಕಿ ತುಂಬ ನನ್ನ ಹೂವು: ಕೆಂಪು ಮೈ, ಕಪ್ಪು ತುಟಿ, ಒಳಗೆ ಹಳದಿ ನಾಲಿಗೆ.

"ಎಲ್ಲಿ ಸಿಕ್ಕಿತಂತೆ?"

"ಯಾರೋ ಹಳೇ ಗೆಳತಿ ಕೊಟ್ಟರಂತೆ."

ಹೌದಮ್ಮ, ಅರವತ್ತೈದು ವರ್ಷದ ಹಳೇ ಗೆಳತಿ.

ಅವಳು ಹೋದ ಮೇಲೆ ಹಳೇ ಪೇಪರ್ ಹಾಸಿ ಕುಂಡವನ್ನು ಬೋರಲು ಹಾಕಿದೆ. ಅದುವರೆಗೂ ಆಗಾಗ ಬೆರಳಿಳಿಸಿ ನೋಡುತ್ತಿದ್ದೆ, ಗಟ್ಟಿಯಾಗಿ ತಾಗುತ್ತಿತ್ತು. ಕೊಳೆತಿಲ್ಲ, ಜೀವ ಇದೆ ಎಂದುಕೊಂಡು, ಕೆದಕಿದರೆ ಮೊಳಕೆ ಮುರಿದೀತೆಂದು ಕೈ ತೆಗೆಯುತ್ತಿದ್ದೆ. ಪೇಪರಿನ ಮೇಲೆ ಬಿದ್ದದ್ದು ಕಲ್ಲು. ಚಿಕ್ಕವರಿದ್ದಾಗ ನಾವಿಬ್ಬರೂ ಆಡುತ್ತಿದ್ದ ಐದು ಕಲ್ಲುಗಳಲ್ಲಿ ಬಿಳಿ ಗೆರೆಯದು. ಅವನ್ನಿಟ್ಟ ಡಬ್ಬಿ ತೆಗೆದು ನೋಡಿದರೆ ನಾಲ್ಕೇ. ಆ ಡಬ್ಬಿ ಬೀರುವಿನ ಯಾವ ಮೂಲೆಯಲ್ಲಿದೆ ಎಂಬುದು ನನ್ನನ್ನು ಬಿಟ್ಟರೆ ನಿನಗೊಬ್ಬಳಿಗೇ ಗೊತ್ತು. ಹೋದ ವರ್ಷದ ಬೇಸಿಗೆಯಲ್ಲಿ ಬಂದು, "ನೀನು ಕೂತಿರು ಅಕ್ಕಾ, ಬಾಲ್ಕನಿ ನಾನು ಗುಡಿಸ್ತೀನಿ" ಎಂದೆಯಲ್ಲ, ಎಂಥ ಗುಡಿಸಾಟ! ಬೆರಳಿಗೆ ತಾಗಲೆಂದು ಅಳತೆ ನೋಡಿ ಕಲ್ಲು ಹುಗಿದಿದ್ದೀಯ. ಬುದ್ಧಿವಂತೆ.

ನಿನ್ನ ಭಾವ ಗಿಡದಂಗಡಿಯವನನ್ನು ಕಾಡಿ ತಂದ ಗಡ್ಡೆ ಅದು, ತಂದಾಗ ಕಡಲೆಕಾಳಿನಷ್ಟಿತ್ತು. ನೀನು ಕೇಳಿದಾಗ ನಾನು, "ಮರಿಗಡ್ಡೆ ಕಟ್ಟಲಿ, ಮೊದಲ ಮರಿ ನಿನಗೇ" ಎಂದಿದ್ದೆ. ಕಾಯಲು ನಿನ್ನಿಂದ ಆಗಲಿಲ್ಲ. ಕಾಯುವ ಕೆಲಸ ನನಗೆ ಬಿಟ್ಟೆ.

ಗಡ್ಡೆ ವಾಪಸ್ ಬೇಡ. ಎಲೆ ಹಳದಿಯಾದ ಕೂಡಲೇ ನೀರು ನಿಲ್ಲಿಸು, ಹಬ್ಬಲು ಒರಟು ಕಡ್ಡಿ ಕೊಡು, ನುಣುಪಾದರೆ ಜಾರುತ್ತೆ. ಬಳ್ಳಿ ಏನು ತಪ್ಪು ಮಾಡಿದೆ? ಇದರ ಜೊತೆ ನಾಲ್ಕು ಕಲ್ಲು ಕಳಿಸಿದ್ದೇನೆ. ಐದನೆಯದು ನನ್ನ ಹತ್ತಿರವೇ ಇರುತ್ತದೆ.

ಶಾಪ ಹಾಕೋಣವೆಂದರೆ ಇದು ನಿನಗೆ ಜಡೆ ಹೆಣೆದ ಕೈ, ಪೆನ್ನು ಮುಂದೆ ಹೋಗುವುದಿಲ್ಲ. ಮಕ್ಕಳೊಡನೆ ಚೆನ್ನಾಗಿರು. ಸೊಸೆಯನ್ನು ಬೈಯಬೇಡ.

ಇಂತಿ,
ನಿನ್ನ ಅಕ್ಕ

ಇದನ್ನು ಬರೆಯಬಾರದೆಂದಿದ್ದೆ. ಗಡ್ಡೆ ಹೋದರೆ ಹೋಗಲಿ. ಹೋದ ಚಳಿಗಾಲ ಮೊಮ್ಮಗಳ ಹೆರಿಗೆಗೆಂದು ಚೀಲ ಕಟ್ಟಿದ್ದೆ. ಫೋನಿನಲ್ಲಿ ನೀನು, "ಈಗ ಹೋಗ್ತೀಯಾ ಅಕ್ಕಾ? ಚಿಗುರು ಬರೋ ಹೊತ್ತು, ಕೂದಲಿನಷ್ಟು ಸಣ್ಣ, ನೋಡಿಕೊಳ್ಳೋರಿಲ್ಲದೆ ಮುರಿಯುತ್ತೆ" ಎಂದೆ. ಚೀಲ ಬಿಚ್ಚಿದೆ. ಈ ವರ್ಷದ ಬೇಸಿಗೆಯಲ್ಲಿ ಮತ್ತೆ ಕಟ್ಟಿದರೆ, "ಯಾರಾದರೂ ನೀರು ಹಾಕಿಬಿಟ್ಟರೆ ಕೊಳೆತುಹೋಗುತ್ತೆ. ಯಾರನ್ನು ನಂಬಿ ಬಿಟ್ಟು ಹೋಗ್ತೀಯ?" ಎಂದೆಯಲ್ಲ. ಮತ್ತೆ ಬಿಚ್ಚಿದೆ. ಆ ಮಗು ಈಗ ನಡೆಯುತ್ತದೆ. ಈ ಸಲ ಹೋಗಿ ನಾನು ಕೈ ಚಾಚಿದರೆ ಕಿರುಚಿಕೊಂಡು ಪಕ್ಕದ ಮನೆಯಾಕೆಯ ಕಾಲು ತಬ್ಬಿಕೊಂಡಿತು. ಆಕೆಯನ್ನು ಅದು ಅಜ್ಜಿ ಎನ್ನುತ್ತದೆ.