ಎತ್ತಿನ ಎಡಗಾಲು

ಮೋರಟಗಿ

ಸಂಪಾದಕ ಅನೀಲಕುಮಾರ ಅವರಿಗೆ ಶರಣು.

ನಮ್ಮೆಲ್ಲರ ಬ್ಲಾಗಿನಲ್ಲಿ ನನ್ನ ತವರಿನ ಕುಂಟ ಎತ್ತಿನ ಕುರಿತ ಬರಹ ಬಂದಾಗ ಅರ್ಧ ಓದುಗರು 'ಇದೂ ಸಾಹಿತ್ಯವೇ, ತೆಗೆಯಿರಿ' ಎಂದು ಜಗಳಕ್ಕೆ ನಿಂತರು. ನೀವು ತೆಗೆಯಲಿಲ್ಲ. ಆ ಉಪಕಾರ ಮರೆಯಲಾರೆ.

ಈಗ ಜಗಳದ ಕಾಮೆಂಟುಗಳನ್ನೆಲ್ಲ ಅಳಿಸುತ್ತೇನೆ ಎಂದಿದ್ದೀರಿ. ಅಗರಖೇಡದ ಮಡಿವಾಳಪ್ಪನವರದೊಂದನ್ನು ದಯವಿಟ್ಟು ಉಳಿಸಿ: "ಇಂಥಾದ್ದೆಲ್ಲಾ ಯಾಕ ಹಾಕ್ತೀರಿ? ಹಾಕೂದಾದ್ರ ಖರೇ ಹಾಕ್ರಿ. ನಮ್ಮ ಎತ್ತ ಎಡಗಾಲ ಕುಂಟತಿದ್ದಿಲ್ಲ, ಬಲಗಾಲ ಕುಂಟತಿತ್ತು."

ಅವರು ನಮ್ಮ ಅಪ್ಪ. ನಾನು ಮೆಚ್ಚಿದವರನ್ನು ಮದುವೆಯಾದಂದಿನಿಂದ ನನ್ನ ಜೊತೆ ಮಾತು ಬಿಟ್ಟವರು. ಆಮೇಲೆ ಅವರಿಂದ ನನಗೆ ಬಂದ ಮೊದಲ ಮಾತು ಇದೇ.

ಬರಹದಲ್ಲಿ ಎಡಗಾಲನ್ನೂ ತಿದ್ದಬೇಡಿ. ಅಪ್ಪ ಇನ್ನೊಮ್ಮೆ ಜಗಳಕ್ಕೆ ಬರಲಿ.

ನಿಮ್ಮ ಋಣದಲ್ಲಿರುವ,
ಭಾಗ್ಯಜ್ಯೋತಿ