ಜ್ಯೋತಿಯ ಇಂಗ್ಲಿಷ್ ಕ್ಲಾಸು

ಗುಮ್ಮಘಟ್ಟ, ಭಾನುವಾರ

ಅಣ್ಣನಿಗೆ,

ಕುರಿ ನಿಲ್ಲಿಸಿರುವ ಕಡೆ ನಿನ್ನ ಫೋನ್ ಸಿಗುತ್ತಿಲ್ಲ. ಅದಕ್ಕೆ ಹಿಟ್ಟು ತರುವ ಓಬುಲೇಶನ ಕೈಲಿ ಈ ಪತ್ರ ಕಳಿಸಿದ್ದೇನೆ. ರಾಯದುರ್ಗದಲ್ಲಿ ನೀನು ಹೇಳಿದ ದೊಡ್ಡ ಇಂಗ್ಲಿಷ್ ಕ್ಲಾಸಿಗೆ ಜ್ಯೋತಿಯನ್ನು ಸೇರಿಸಲಿಲ್ಲ. ಪೂರ್ತಿ ಓದಿ ಸಿಟ್ಟಾಗು.

ಒಂದು ದಿನ ಅಲ್ಲಿ ಕೂರಿಸಿ ನೋಡಿದೆ. ಬೋರ್ಡಿನಲ್ಲಿದ್ದುದನ್ನು ನಿನ್ನ ಮಗಳು ಚೆಂದವಾಗಿ ಇಂಗ್ಲಿಷಿನಲ್ಲಿ ಇಳಿಸಿಕೊಂಡಳು: ನಮ್ಮಪ್ಪ ಡಾಕ್ಟರ್.

"ಹೌದೇನೇ?" ಅಂದೆ.

"ಇಲ್ಲಿ ಎಲ್ಲರ ಅಪ್ಪನೂ ಡಾಕ್ಟರೇ. ಸುಮ್ನಿರು ಕಾಕಾ."

ಬಸ್ ಸ್ಟ್ಯಾಂಡ್ ಹಿಂದೆ ಹೇಮಾ ಮೇಡಂ ಅಂತ ಒಬ್ಬರು ಮನೆಯಲ್ಲೇ ಇಂಗ್ಲಿಷ್ ಕಲಿಸುತ್ತಾರೆ. ಅಲ್ಲಿ ಮಕ್ಕಳ ಬರಹದ ತುಂಬ ತಪ್ಪುಗಳಿವೆ, ಆದರೆ ಒಬ್ಬರದು ಇನ್ನೊಬ್ಬರದರಂತಿಲ್ಲ. ಅಲ್ಲಿಗೇ ಸೇರಿಸಿದೆ. ಸ್ಕೂಲು ಬಿಟ್ಟವನ ಮಾತೆಂದು ತಳ್ಳಿಹಾಕಬೇಡ. ಬಿಡುವವರೆಗೂ ನಾನು ಬೋರ್ಡು ನೋಡಿಯೇ ಬರೆದವನು. ಇವತ್ತಿಗೂ ಇಂಗ್ಲಿಷಿನಲ್ಲಿ ನನ್ನದೇ ಒಂದು ಸಾಲು ಬರುವುದಿಲ್ಲ.

ಮೇಡಂ ಮೊದಲ ದಿನವೇ ಅಪ್ಪನ ಕೆಲಸದ ಬಗ್ಗೆ ಬರೆಯಲು ಹೇಳಿದ್ದಾರೆ. ಜ್ಯೋತಿ ಏನೂ ಬರೆಯದೆ ಮನೆಗೆ ಬಂದಳು. "ದಾರ್ಯಾಗ ಮರಿ ಹುಟ್ಟಿದ್ರ ಅಪ್ಪ ಏನ್ ಮಾಡ್ತಾನ?" ಅಂತ ಕೇಳುತ್ತಾಳೆ. ನಾನು ಹೇಳಿದರೆ ಒಪ್ಪುವುದಿಲ್ಲ, ನೀನೇ ಹೇಳಬೇಕಂತೆ.

ಶನಿವಾರದೊಳಗೆ ಗುಡ್ಡ ಹತ್ತಿ ಫೋನ್ ಮಾಡು. ಮೊದಲು ಅವಳ ಜೊತೆ ಮಾತಾಡು, ಆಮೇಲೆ ನನ್ನನ್ನು ಬೈಯಿ.

ನಿನ್ನ ತಮ್ಮ,
ಅಂಜಿ